ಬಣ್ಣ ನೀವು ಹೇಳಿ, ಬಟ್ಟೆ ಮಕ್ಕಳಿಗೆ ಬಿಡಿ: ಉಡುಪಿಯ ಹೊಲಿಗೆ ಅಂಗಡಿಯಿಂದ ಒಂದು ಬಹಿರಂಗ ಪತ್ರ

ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ಕಾಲೇಜು ಆಡಳಿತ ಮಂಡಳಿಗಳಿಗೆ, ಕಾಲೇಜು ಅಭಿವೃದ್ಧಿ ಸಮಿತಿಗಳಿಗೆ ಮತ್ತು ಪ್ರಾಂಶುಪಾಲರಿಗೆ,

ಮಾನ್ಯರೇ,

ಮೇ ತಿಂಗಳು ಮುಗಿಯುವ ಹೊತ್ತಿಗೆ ನಿಮ್ಮ ಕಾಲೇಜುಗಳ ಸಮವಸ್ತ್ರದ ಬಟ್ಟೆ ನನ್ನ ಅಂಗಡಿಯ ಮೇಜಿನ ಮೇಲೆ ಬಂದು ಬೀಳುತ್ತದೆ. ಪ್ಲಾಸ್ಟಿಕ್ ತೊಟ್ಟೆಯೊಳಗೆ ಎರಡು ಜೊತೆಗಾಗುವಷ್ಟು ಬಟ್ಟೆ, ತೊಟ್ಟೆಯ ಮೇಲೆ ಕಾಲೇಜಿನ ಹೆಸರು, ಒಳಗೊಂದು ಚೀಟಿ. ತೋಳು ಮೊಣಕೈ ದಾಟಿ ಎಷ್ಟು ಇಂಚು ಇಳಿಯಬೇಕು, ಕುರ್ತ ಮೊಣಕಾಲಿನಿಂದ ಎಷ್ಟು ಕೆಳಗಿರಬೇಕು, ಕಾಲರ್ ಯಾವ ತರ, ಕೋಟಿಗೆ ಎಷ್ಟು ಗುಂಡಿ, ಎಲ್ಲವೂ ಅದರಲ್ಲಿ ಉಂಟು. ಅದು ಯಾವ ಬಟ್ಟೆ ಎಂಬುದು ಮಾತ್ರ ಇಲ್ಲ. ಹತ್ತಿ ಎಷ್ಟು, ಪಾಲಿಸ್ಟರ್ ಎಷ್ಟು ಎಂದು ಯಾರೂ ಬರೆಯುವುದಿಲ್ಲ. ನಾವು ಹೊಲಿಯುವವರು ಅಂಚಿನಿಂದ ನಾಲ್ಕು ನೂಲು ಎಳೆದು ಬೆಂಕಿಕಡ್ಡಿ ತಾಗಿಸಿ ನೋಡುತ್ತೇವೆ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿ ಉದುರುತ್ತದೆ. ಪಾಲಿಸ್ಟರ್ ಆದರೆ ಕರಗಿ ತುದಿಯಲ್ಲಿ ಗಟ್ಟಿ ಮಣಿ ಕಟ್ಟುತ್ತದೆ. ನೀವು ಕಳಿಸುವ ಬಟ್ಟೆಯಲ್ಲಿ ಹೆಚ್ಚಾಗಿ ನಮಗೆ ಸಿಗುವುದು ಮಣಿಯೇ.

ನನ್ನದು ಉಡುಪಿ–ಮಣಿಪಾಲ ರಸ್ತೆಯ ಬದಿಯ ಸಣ್ಣ ಅಂಗಡಿ. ಜೂನ್ ಬಂತೆಂದರೆ ಸಮವಸ್ತ್ರ, ಆಮೇಲೆ ಅಷ್ಟಮಿ, ಓಣಂ, ವರ್ಷದ ಕೊನೆಗೆ ಕಾಲೇಜ್ ಡೇ, ಟ್ರೆಡಿಷನಲ್ ಡೇ, ಫೇರ್‌ವೆಲ್ಲಿನ ರವಕೆ. ನಡುವೆ ಇಡೀ ವರ್ಷ ಆಲ್ಟರೇಶನ್. ಹದಿನಾರರಿಂದ ಇಪ್ಪತ್ತೊಂದು ವರ್ಷದ ಮಕ್ಕಳ ಅಳತೆ ತೆಗೆಯುವುದೇ ನನ್ನ ಕಸುಬು ಎಂದರೂ ತಪ್ಪಲ್ಲ. ಅವರು ನಿಮ್ಮ ಕೋಣೆಯಲ್ಲಿ ಕೈಕಟ್ಟಿ ನಿಂತು ಹೇಳಲಾರದ್ದನ್ನು ಇಲ್ಲಿ ಕನ್ನಡಿಯ ಮುಂದೆ ನಿಂತು ಹೇಳುತ್ತಾರೆ. ಆ ಸಲಿಗೆಯಿಂದ ಬರೆಯುತ್ತಿದ್ದೇನೆ. ಸಮವಸ್ತ್ರ ಇರಲಿ, ಅದರ ಬಣ್ಣವನ್ನೂ ನೀವೇ ಹೇಳಿ. ಯಾವ ಬಟ್ಟೆ, ಯಾವ ಅಂಗಡಿಯದ್ದು, ಎಷ್ಟು ಸಡಿಲ, ಜೇಬು ಬೇಕೋ ಬೇಡವೋ ಎಂಬುದನ್ನು ತೊಡುವವರಿಗೆ ಬಿಡಿ.

ಸಮವಸ್ತ್ರವೇ ಬೇಡ ಎನ್ನುವವಳು ನಾನಲ್ಲ. ಹೊಟ್ಟೆಪಾಡಿನ ಮಾತು ಒಂದು ಕಡೆ ಇರಲಿ. ಹೆಬ್ರಿ, ಹಿರಿಯಡ್ಕ, ಕಾರ್ಕಳ ಕಡೆಯಿಂದ ಎರಡು ಬಸ್ಸು ಹಿಡಿದು ಬರುವ ಮಕ್ಕಳಿದ್ದಾರೆ. ಅವರ ಮನೆಯಲ್ಲಿ ವಾರದ ಆರು ದಿನಕ್ಕೂ ಬೇರೆ ಬೇರೆ ಬಟ್ಟೆ ಹೊಂದಿಸುವುದು ಸುಲಭದ ಮಾತಲ್ಲ. ಶನಿವಾರ ಒಂದು ದಿನ ಕಲರ್ ಡ್ರೆಸ್ ಇಟ್ಟರೆ ಸಾಕು, ಶುಕ್ರವಾರ ಸಂಜೆ ಅದೇ ಹಳೆಯ ಕುರ್ತಕ್ಕೆ ಹೊಸ ಲೇಸು ಇಡಿಸಿಕೊಳ್ಳಲು ಬರುವ ಹುಡುಗಿಯರಿದ್ದಾರೆ. ಲೇಸಿಗೆ ಎಷ್ಟಾಗುತ್ತದೆ ಎಂದು ಮೊದಲೇ ಕೇಳಿ, ಮೀಟರು ಲೆಕ್ಕ ಹಾಕಿ, ಮುಂದಿನ ಭಾಗಕ್ಕೆ ಮಾತ್ರ ಸಾಕು ಆಂಟಿ ಎನ್ನುತ್ತಾರೆ. ಇಂಥವರಿಗೆ ಸಮವಸ್ತ್ರ ಒಂದು ಆಸರೆ. ಹಾಗಿರುವಾಗ ಆ ಆಸರೆ ಮೈಯನ್ನು ಸುಡದೆ ಇರಲಿ ಎಂಬುದಷ್ಟೇ ನನ್ನ ಆಸೆ.

ಒಬ್ಬ ಹುಡುಗಿಯ ಸಮವಸ್ತ್ರವನ್ನು ಪದರ ಪದರವಾಗಿ ಬಿಡಿಸಿ ನೋಡಿ. ಕೆಳಗೆ ಕೆನೆ ಬಣ್ಣದ ಪ್ಯಾಂಟು. ಮೇಲೆ ಬಿಳಿಯದೋ ತಿಳಿ ನೀಲಿಯದೋ ಕುರ್ತ. ತಿಳಿ ಬಣ್ಣದ ಬಟ್ಟೆ ಬೆವರಿಗೆ ಚಂಡಿಯಾದರೇ ಒಳಗಿನದ್ದು ಕಾಣುತ್ತದೆ, ಇನ್ನು ಮಳೆಗೆ ಕೇಳಬೇಕೇ? ಅದಕ್ಕೆ ಒಳಗೊಂದು ಶಮೀಜು. ಶಮೀಜು ಹಾಕಿದರೂ ಸಾಲದೆಂದು ಕುರ್ತದ ಮೇಲೆ ತೋಳಿಲ್ಲದ ಕೋಟು. ಕೋಟು ಚೆನ್ನಾಗಿ ನಿಲ್ಲಬೇಕೆಂದು ಅದಕ್ಕೆ ಲೈನಿಂಗ್. ಎದೆಯ ಮೇಲೆ ಎಣಿಸಿದರೆ ನಾಲ್ಕು ಪದರವಾಯಿತು. ಕೆಲವು ಕಡೆ ಇದರ ಮೇಲೆ ಶಾಲು ಬೇರೆ, ಎರಡೂ ಭುಜಕ್ಕೆ ಪಿನ್ನು ಹೊಡೆದು. ಮಾರ್ಚ್ ತಿಂಗಳಲ್ಲಿ, ತಗಡಿನ ಮಾಡಿನ ಬಸ್ ತಂಗುದಾಣದಲ್ಲಿ, ಈ ನಾಲ್ಕೈದು ಪದರ ಹೊತ್ತು ನಿಂತ ಹುಡುಗಿಯನ್ನು ಒಮ್ಮೆ ನೆನೆಸಿಕೊಳ್ಳಿ. ಇದೆಲ್ಲ ಶುರುವಾದದ್ದು ಸಭೆಯಲ್ಲಿ ಯಾರೋ ಕ್ಯಾಟಲಾಗು ಮಗುಚಿ ಆರಿಸಿದ ಆ ತಿಳಿ ಬಣ್ಣದಿಂದ. ಕುರ್ತ ಗಾಢ ಬಣ್ಣದ್ದಾಗಿ, ಸ್ವಲ್ಪ ಒತ್ತು ನೇಯ್ಗೆಯ ಹತ್ತಿಯದ್ದಾಗಿದ್ದರೆ ಶಮೀಜೂ ಬೇಕಿರಲಿಲ್ಲ, ಕೋಟೂ ಬೇಕಿರಲಿಲ್ಲ.

ಬಣ್ಣ ನೀವೇ ಹೇಳಿ ಎಂದೆ. ಹೇಳಿ, ಆದರೆ ಪ್ಯಾಂಟಿನದ್ದು ಗಾಢವಾಗಿರಲಿ. ತಿಂಗಳ ಆ ನಾಲ್ಕು ದಿನ ಕೆನೆ ಬಣ್ಣದ ಪ್ಯಾಂಟು ಹಾಕಿ ಬೆಂಚಿನಲ್ಲಿ ಕೂತವಳ ಗಮನ ಕರಿಹಲಗೆಯ ಮೇಲೆ ಇರುವುದಿಲ್ಲ. ಎದ್ದು ನಿಲ್ಲುವ ಮೊದಲು ಹಿಂದೆ ಕೂತವಳಿಗೆ ಸನ್ನೆ ಮಾಡಿ ಕೇಳಬೇಕು. ಉಪನ್ಯಾಸಕರು ಪ್ರಶ್ನೆ ಕೇಳಿದಾಗ ಉತ್ತರ ಗೊತ್ತಿದ್ದೂ ಏಳದೆ ಕೂರುವ ದಿನ ಅದು. ಕುರ್ತ ಇನ್ನೆರಡು ಇಂಚು ಉದ್ದ ಬಿಡಿ ಎನ್ನುವ ಹುಡುಗಿಯರನ್ನು ಕಂಡು ಈ ಕಾಲದಲ್ಲೂ ಎಷ್ಟು ಮರ್ಯಾದೆಯ ಮಕ್ಕಳು ಎಂದು ಹೊಗಳುವವರಿದ್ದಾರೆ. ಅವರು ಉದ್ದ ಕೇಳುವುದು ಯಾಕೆಂದು ನನಗೆ ಗೊತ್ತುಂಟು. ಸಮವಸ್ತ್ರ ಆರಿಸುವ ಸಭೆಯಲ್ಲಿ ಒಬ್ಬಳೇ ಒಬ್ಬಳು ವಿದ್ಯಾರ್ಥಿನಿ ಕೂತಿದ್ದರೂ, ಆಕೆಗೆ ಬಾಯಿ ತೆರೆಯಲು ಅವಕಾಶ ಸಿಕ್ಕಿದ್ದರೂ, ಕೆನೆ ಬಣ್ಣ ಅಲ್ಲೇ ಬಿದ್ದುಹೋಗುತ್ತಿತ್ತು.

ಬಟ್ಟೆಯ ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿ ಮಾರ್ಚ್, ಏಪ್ರಿಲಿನಲ್ಲಿ 33–34 ಡಿಗ್ರಿ. ಕಲಬುರಗಿಯ 42ರ ಮುಂದೆ ಇದೇನು ಮಹಾ ಎಂದು ಕೇಳಬಹುದು. ಅಲ್ಲಿಯದ್ದು ಬಿಸಿಲು, ಇಲ್ಲಿಯದ್ದು ಸೆಕೆ. ಅಲ್ಲಿ ಬೆವರು ಗಾಳಿಗೆ ಆರಿಹೋಗುತ್ತದೆ. ಇಲ್ಲಿ ಕಡಲ ಗಾಳಿಯೇ ನೀರು ತುಂಬಿಕೊಂಡು ಬರುವುದರಿಂದ ಬೆವರಿಗೆ ಹೋಗಲು ಜಾಗ ಇಲ್ಲ. ಅದನ್ನು ಬಟ್ಟೆಯಾದರೂ ಹೀರಿಕೊಳ್ಳಬೇಕು. ಜವಳಿಯವರ ಲೆಕ್ಕದಲ್ಲಿ ಹತ್ತಿ ನೂಲು ಸಾಮಾನ್ಯ ಹವೆಯಲ್ಲೇ ತನ್ನ ತೂಕದ 8.5 ಶೇಕಡಾದಷ್ಟು ತೇವ ಹಿಡಿದಿಟ್ಟುಕೊಳ್ಳುತ್ತದೆ. ಪಾಲಿಸ್ಟರ್ ಹಿಡಿಯುವುದು 0.4 ಶೇಕಡಾ. ಅಂದರೆ ಪಾಲಿಸ್ಟರಿನೊಳಗೆ ಬೆವರು ಮೈಮೇಲೆಯೇ ನಿಲ್ಲುತ್ತದೆ. ಕಂಕುಳಿನಲ್ಲಿ, ಸೊಂಟದ ಪಟ್ಟಿಯ ಕೆಳಗೆ, ತೊಡೆಯ ಸಂದಿನಲ್ಲಿ ಕಜ್ಜಿ ಏಳುತ್ತದೆ. ಅಳತೆ ತೆಗೆಯುವಾಗ ಟೇಪು ತಾಗಿದರೆ ಮುಖ ಕಿವುಚುವ ಮಕ್ಕಳನ್ನು ಬೇಸಗೆಯಲ್ಲಿ ನೋಡುತ್ತಲೇ ಇರುತ್ತೇನೆ. ಎಂತ ಮಾರಾಯ್ತಿ ಎಂದು ಕೇಳಿದರೆ ಏನಿಲ್ಲ ಆಂಟಿ ಎನ್ನುತ್ತಾರೆ.

ಇಷ್ಟು ಹೇಳುವಾಗ ತಾಯಂದಿರು ನನಗೆ ಎದುರು ಮಾತಾಡುತ್ತಾರೆ. ಅವರು ಹೇಳುವುದೂ ಸುಳ್ಳಲ್ಲ. ವರ್ಷಕ್ಕೆ 4,000 ಮಿಲಿಮೀಟರಿನ ಆಸುಪಾಸು ಮಳೆ ಹೊಯ್ಯುವ ಊರು ನಮ್ಮದು. ಅದರಲ್ಲಿ ದೊಡ್ಡ ಪಾಲು ಜೂನಿನಿಂದ ಆಗಸ್ಟಿನ ಒಳಗೆ, ಕಾಲೇಜು ಶುರುವಾಗುವ ಹೊತ್ತಿಗೇ. ಆಗ ಹತ್ತಿ ಅಂಗಿ ಎರಡು ದಿನಕ್ಕೂ ಒಣಗುವುದಿಲ್ಲ. ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಿದರೆ ಹೊಗೆ ವಾಸನೆ, ಕೋಣೆಯೊಳಗೆ ಹಾಕಿದರೆ ಮುಗ್ಗಲು ವಾಸನೆ, ಬಿಳಿಯದ್ದಾದರೆ ಕರಿ ಚುಕ್ಕೆ ಬೇರೆ. ಪಾಲಿಸ್ಟರಿನದ್ದನ್ನು ರಾತ್ರಿ ಫ್ಯಾನಿನ ಕೆಳಗೆ ಹಾಕಿದರೆ ಬೆಳಿಗ್ಗೆ ಹಾಕಿಕೊಳ್ಳಬಹುದು, ಇಸ್ತ್ರಿಯೂ ಬೇಡ. ಬೆಳಿಗ್ಗೆ ಆರೂವರೆಯ ಬಸ್ಸಿಗೆ ಮಕ್ಕಳನ್ನು ಹೊರಡಿಸುವ ತಾಯಿಗೆ ಹತ್ತಿಯ ಗುಣಗಾನ ಮಾಡಲು ನನಗೆ ಬಾಯಿ ಬರುವುದಿಲ್ಲ.

ತೊಂದರೆ ಇರುವುದು ಒಂದೇ ಬಟ್ಟೆಯಲ್ಲಿ ಎರಡು ಕಾಲ ದಾಟಿಸುತ್ತೇವೆ ಎನ್ನುವ ಹಟದಲ್ಲಿ. ಮಳೆಗಾಲಕ್ಕೆ ಹತ್ತಿ ಪಾಲಿಸ್ಟರ್ ಕೂಡಿದ ತೆಳು ಬಟ್ಟೆಯ ಒಂದು ಜೊತೆ, ಮಳೆ ನಿಂತ ಮೇಲೆ ಹತ್ತಿಯ ಒಂದು ಜೊತೆ, ಬಣ್ಣ ಎರಡಕ್ಕೂ ಒಂದೇ. ಹೇಗೂ ಈಗ ಎರಡು ಜೊತೆ ಕೊಳ್ಳಿಸುತ್ತೀರಿ, ಆದ್ದರಿಂದ ಮನೆಯವರ ಖರ್ಚು ಹೆಚ್ಚು ಏರುವುದಿಲ್ಲ. ಬಣ್ಣ ಮಾತ್ರ ಪಡಿಯಚ್ಚಾಗಿ ಕೂಡಿಬರಲಾರದು, ಅದನ್ನು ಈಗಲೇ ಹೇಳಿಬಿಡುತ್ತೇನೆ. ಹತ್ತಿಗೆ ಹಾಕುವ ಬಣ್ಣ ಬೇರೆ, ಪಾಲಿಸ್ಟರಿಗೆ ಹಾಕುವ ಬಣ್ಣ ಬೇರೆ. ಒಂದೇ ನೀಲಿ ಎಂದು ತಂದರೂ ಬಿಸಿಲಿಗೆ ಹಿಡಿದಾಗ ಒಂದು ಕೂದಲಿನಷ್ಟು ವ್ಯತ್ಯಾಸ ಕಂಡೀತು. ಹತ್ತಿ ಒಗೆದಂತೆ ಸ್ವಲ್ಪ ಮಾಸುತ್ತದೆ ಕೂಡ. ಅಸೆಂಬ್ಲಿಯಲ್ಲಿ ಸಾಲು ನಿಂತಾಗ ನಿಮ್ಮ ಕಣ್ಣಿಗೆ ಅದು ಕಿರಿಕಿರಿಯಾದರೆ ದಯವಿಟ್ಟು ಸಹಿಸಿಕೊಳ್ಳಿ.

ಬ್ಲೇಜರ್ ಬಗ್ಗೆ ಹೆಚ್ಚು ಬರೆಯುವ ಅಗತ್ಯ ಇಲ್ಲ. ಬಿಬಿಎ, ಎಂಬಿಎ ಮಕ್ಕಳು ಸಂದರ್ಶನಕ್ಕೆ ಕೋಟು ಹಾಕಿ ಅಭ್ಯಾಸ ಮಾಡಿಕೊಳ್ಳಲಿ, ಬೇಡ ಎನ್ನುವುದಿಲ್ಲ. ವಾರವಿಡೀ ಯಾಕೆ? ನಮ್ಮ ಕೋರ್ಟುಗಳನ್ನೇ ನೋಡಿ. ವಕೀಲರ ಪರಿಷತ್ತಿನ ನಿಯಮದಂತೆ ಸುಪ್ರೀಂ ಕೋರ್ಟು, ಹೈಕೋರ್ಟು ಬಿಟ್ಟು ಉಳಿದ ನ್ಯಾಯಾಲಯಗಳಲ್ಲಿ ಬೇಸಗೆಯಲ್ಲಿ ಕರಿ ಕೋಟು ಕಡ್ಡಾಯವಲ್ಲ. ನ್ಯಾಯಾಧೀಶರ ಮುಂದೆ ವಾದ ಮಾಡುವ ವಕೀಲರಿಗೆ ಇರುವ ರಿಯಾಯಿತಿ ಮಾರ್ಕೆಟಿಂಗ್ ಪಾಠ ಕೇಳುವ ಹುಡುಗನಿಗೆ ಇಲ್ಲ ಎಂದರೆ ನಗಬೇಕೋ ಅಳಬೇಕೋ. ಸಾಲದ್ದಕ್ಕೆ 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿ ಮೀರಿದ ಸಿದ್ಧ ಉಡುಪಿಗೆ 18 ಶೇಕಡಾ ಜಿಎಸ್‌ಟಿ. ಒಳ್ಳೆಯ ಬ್ಲೇಜರ್ ಆ ಗೆರೆ ದಾಟದೆ ಇರುವುದು ಕಷ್ಟ.

ಇನ್ನು ಅಂಗಡಿಯ ವಿಚಾರ. ಇದನ್ನು ಬರೆದರೆ ಹೊಟ್ಟೆಕಿಚ್ಚು ಎಂದಾರು. ಎನ್ನಲಿ. ಕರ್ನಾಟಕದ ಶಿಕ್ಷಣ ಸಂಸ್ಥೆಗಳ ವರ್ಗೀಕರಣ, ನಿಯಂತ್ರಣಕ್ಕೆ ಸಂಬಂಧಿಸಿದ 1995ರ ನಿಯಮಗಳಲ್ಲಿ 11ನೆಯದ್ದು ಸಮವಸ್ತ್ರದ ಕುರಿತು. ಅದು ಹೇಳುವುದು ಮೂರು ಮಾತು. ಸಂಸ್ಥೆ ತನ್ನ ಸಮವಸ್ತ್ರವನ್ನು ತಾನೇ ಗೊತ್ತುಮಾಡಬಹುದು, ಆದರೆ ಒಮ್ಮೆ ಗೊತ್ತುಮಾಡಿದ್ದನ್ನು ಐದು ವರ್ಷ ಬದಲಿಸುವಂತಿಲ್ಲ. ಬದಲಿಸುವುದಾದರೆ ಒಂದು ವರ್ಷ ಮೊದಲೇ ಹೆತ್ತವರಿಗೆ ತಿಳಿಸಬೇಕು. ಮೂರನೆಯದ್ದು ನನಗೆ ಬಾಯಿಪಾಠ: ಸಂಸ್ಥೆ ಹೇಳಿದ ಅಂಗಡಿಯಲ್ಲೇ ಬಟ್ಟೆ ಕೊಳ್ಳುವುದು, ಹೇಳಿದ ಟೈಲರಿಂದಲೇ ಹೊಲಿಸುವುದು ವಿದ್ಯಾರ್ಥಿಯ ಅಥವಾ ಹೆತ್ತವರ ಇಚ್ಛೆಗೆ ಬಿಟ್ಟದ್ದು. ನಿಮ್ಮಲ್ಲಿ ಎಷ್ಟೋ ಮಂದಿಗೆ ಈ ನಿಯಮ ಗೊತ್ತಿರಲೇಬೇಕು, ಯಾಕೆಂದರೆ ಹಿಜಾಬ್ ಕುರಿತ 2022ರ ಮಾರ್ಚ್ 15ರ ಹೈಕೋರ್ಟ್ ತೀರ್ಪಿನಲ್ಲಿ ಅದರ ಪ್ರಸ್ತಾಪ ಉಂಟು.

ಹೌದು, ಆ ತೀರ್ಪು. ಉಡುಪಿಯವಳು ಸಮವಸ್ತ್ರದ ಮಾತು ತೆಗೆದರೆ ಅದನ್ನು ದಾಟಿ ಹೋಗಲಿಕ್ಕಾಗುವುದಿಲ್ಲ. ಅದೇ ವರ್ಷ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ಬೇರೆ ತೀರ್ಪು ಕೊಟ್ಟರು. ತಲೆಯ ಮೇಲಿನ ಬಟ್ಟೆಯ ಆ ಪ್ರಶ್ನೆಯನ್ನು ನಾನು ಈ ಪತ್ರದಲ್ಲಿ ಎತ್ತುವುದಿಲ್ಲ. ನನ್ನ ಅಂಗಡಿಗೆ ಎಲ್ಲ ಮನೆಯ ಮಕ್ಕಳೂ ಬರುತ್ತಾರೆ, ಆ ದಿನಗಳಲ್ಲಿ ಅವರೆಲ್ಲರ ಮುಖ ನೋಡಿದ್ದೇನೆ. ಹೇಳಬೇಕೆನಿಸುವುದು ಇಷ್ಟು. ಟಿವಿಯವರು, ಪಕ್ಷದವರು, ದೊಡ್ಡ ದೊಡ್ಡ ವಕೀಲರು, ದೇಶಕ್ಕೆ ದೇಶವೇ ನಮ್ಮ ಜಿಲ್ಲೆಯ ಸಮವಸ್ತ್ರದ ಬಗ್ಗೆ ತಿಂಗಳುಗಟ್ಟಲೆ ಮಾತಾಡಿತು. ಆ ಸಮವಸ್ತ್ರದ ಒಳಗಿರುವ ಮಕ್ಕಳಿಗೆ ಸೆಕೆಯಾಗುತ್ತದೆಯೇ ಎಂದು ಕೇಳಿದವರಿಲ್ಲ.

ಒಂದೇ ಅಂಗಡಿಗೆ ಗುತ್ತಿಗೆ ಕೊಟ್ಟು ಸಿದ್ಧ ಉಡುಪು ತರಿಸಿದರೆ ಏನಾಗುತ್ತದೆ ಎಂಬುದಕ್ಕೆ ನನ್ನ ಆಲ್ಟರೇಶನ್ ಬುಟ್ಟಿಯೇ ಸಾಕ್ಷಿ. ಸಣ್ಣದು, ಮಧ್ಯಮ, ದೊಡ್ಡದು ಎಂಬ ಮೂರು ನಾಲ್ಕು ಅಳತೆಯಲ್ಲಿ ಎಲ್ಲರನ್ನೂ ತುಂಬುತ್ತಾರೆ. ಭುಜ ಸರಿಯಾದರೆ ಎದೆ ಬಿಗಿ, ಎದೆ ಸರಿಯಾದರೆ ತೋಳು ಮೊಣಕೈ ದಾಟಿ ಜೋತಾಡುತ್ತದೆ. ಒಳಗೆ ಬಿಡಿಸಲು ಅರ್ಧ ಇಂಚು ಬಟ್ಟೆಯೂ ಇರುವುದಿಲ್ಲ. ನಾವಾದರೆ ಎರಡೂ ಬದಿ ಒಂದೂವರೆ ಇಂಚು ಬಿಟ್ಟು ಹೊಲಿಯುತ್ತೇವೆ, ಏಕೆಂದರೆ ಪ್ರಥಮ ಪಿಯುಸಿಯ ಹುಡುಗ ದ್ವಿತೀಯಕ್ಕೆ ಬರುವಾಗ ಅದೇ ಹುಡುಗನಾಗಿರುವುದಿಲ್ಲ. ದಪ್ಪ ಮಕ್ಕಳ ಪಾಡು ಕೇಳಲೇಬೇಡಿ. ಹಾಲಿನಲ್ಲಿ ಎಲ್ಲರೆದುರು ಅಳತೆಯ ಅಂಗಿ ಹಾಕಿ ನೋಡಿ, ಆಗಲಿಲ್ಲವೆಂದು ಬಿಚ್ಚಿ, ಇದಕ್ಕಿಂತ ದೊಡ್ಡದಿಲ್ಲ ಎಂದು ಗಟ್ಟಿಯಾಗಿ ಹೇಳಿಸಿಕೊಂಡು ಬಂದ ಹುಡುಗಿಯೊಬ್ಬಳು ನನ್ನಲ್ಲಿ ಕೇಳಿದ್ದು ಹೊಸ ಅಂಗಿಯನ್ನಲ್ಲ. ಬಾಗಿಲು ಹಾಕಿ ಅಳತೆ ತೆಗೆಯುತ್ತೀರಾ ಎಂದು.

ಹುಡುಗಿಯರ ಕುರ್ತಕ್ಕೆ ಜೇಬು ಇಡಬಾರದು ಎಂದು ಚೀಟಿಯಲ್ಲಿ ಬರೆದ ಕಾಲೇಜೂ ಉಂಟು. ಕಾರಣ ವಿಚಾರಿಸಿದರೆ ಮೊಬೈಲು. ಹುಡುಗರ ಪ್ಯಾಂಟಿಗೆ ನಾಲ್ಕು ಜೇಬು, ಅಂಗಿಗೆ ಒಂದು. ಅವರು ಮೊಬೈಲು ತರುವುದಿಲ್ಲವೆಂದು ನಂಬಿದವರು ಇವರನ್ನು ಯಾಕೆ ನಂಬಲಿಲ್ಲವೋ. ಬಸ್ ಪಾಸು, ಹತ್ತು ರೂಪಾಯಿ ಚಿಲ್ಲರೆ, ಒಂದು ಪ್ಯಾಡು, ಇಷ್ಟು ಇಟ್ಟುಕೊಳ್ಳಲು ಜಾಗ ಬೇಡವೇ? ಕತ್ತರಿಸಿ ಉಳಿದ ತುಂಡಿನಲ್ಲೇ ಬದಿಯ ಹೊಲಿಗೆಗೆ ಸೇರಿಸಿ ಜೇಬು ಇಡಬಹುದು, ಹೊರಗೆ ಕಾಣುವುದೂ ಇಲ್ಲ. ಕೇಳಿದವರಿಗೆಲ್ಲ ಇಟ್ಟುಕೊಡುತ್ತಿದ್ದೇನೆ, ಮುಂದೆಯೂ ಇಡುತ್ತೇನೆ. ಯಾವ ಕಾಲೇಜಿನವರಿಗೆ ಎಂದು ಮಾತ್ರ ಕೇಳಬೇಡಿ.

ಫ್ಯಾಶನ್ ಹಿಂದೆ ಬಿದ್ದು ಮಕ್ಕಳು ಹಾಳಾಗುತ್ತಿದ್ದಾರೆ ಎಂಬ ಮಾತು ಪೋಷಕರ ಸಭೆಯಲ್ಲಿ ತಪ್ಪದೆ ಬರುತ್ತದಂತೆ. ನಾನು ಕಂಡದ್ದು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಸಮವಸ್ತ್ರದ ಪ್ಯಾಂಟು ತಂದು ಟೈಟ್ ಮಾಡಿ ಎನ್ನುತ್ತಿದ್ದರು. ಪಾದದ ಹತ್ತಿರ ಸುತ್ತಳತೆ ಹನ್ನೆರಡು ಇಂಚಿಗೆ ಇಳಿಸಿ, ಕಾಲು ತೂರದೆ ಪ್ಲಾಸ್ಟಿಕ್ ತೊಟ್ಟೆ ಸುತ್ತಿಕೊಂಡು ಪ್ಯಾಂಟು ಏರಿಸಿಕೊಂಡವರಿದ್ದಾರೆ. ಆಗ ಕಾಲೇಜುಗಳು ಬಿಗಿ ಪ್ಯಾಂಟು ನಿಷೇಧ ಎಂದು ಸುತ್ತೋಲೆ ಹೊರಡಿಸಿದವು. ಸ್ಕೇಲು ಹಿಡಿದು ಗೇಟಿನಲ್ಲಿ ಅಳೆದವರೂ ಇದ್ದರು. ಮಕ್ಕಳು ಕೇಳಲಿಲ್ಲ. ಈಗ ಗಾಳಿ ತಿರುಗಿದೆ, ಎಲ್ಲರಿಗೂ ಬ್ಯಾಗಿ ಬೇಕು. ಬಿಗಿ ಮಾಡಿಸಿದ ಅಣ್ಣನ ಪ್ಯಾಂಟಿಗೆ ಬದಿಯಲ್ಲಿ ಪಟ್ಟಿ ಕೊಟ್ಟು ಅಗಲ ಮಾಡಿ ಎಂದು ತಮ್ಮ ಬರುತ್ತಾನೆ. ಸುತ್ತೋಲೆಯಿಂದ ಆಗದ್ದು ರೀಲ್ಸಿನಿಂದ ಆಯಿತು. ಇನ್ನು ಸಡಿಲ ಪ್ಯಾಂಟು ನಿಷೇಧ ಎಂಬ ಹೊಸ ಸುತ್ತೋಲೆಗೆ ಕಾಯುತ್ತಿದ್ದೇನೆ. ನಿಜ ಹೇಳಬೇಕೆಂದರೆ ಈ ಊರಿನ ಹವೆಗೆ ಬ್ಯಾಗಿಯಷ್ಟು ಹೊಂದುವ ಉಡುಪು ಇನ್ನೊಂದಿಲ್ಲ. ಗಾಳಿಯಾಡುತ್ತದೆ, ಮಳೆಯಲ್ಲಿ ಮೊಣಕಾಲಿನವರೆಗೆ ಮಡಚಲು ಬರುತ್ತದೆ. ಮಕ್ಕಳೇ ದಾರಿ ಕಂಡುಕೊಂಡಿರುವಾಗ ಅಡ್ಡ ಬರಬೇಡಿ.

ಅವರ ಶೋಕಿ ಎಲ್ಲವೂ ಖರ್ಚಿನದ್ದಲ್ಲ ಎಂಬುದನ್ನೂ ನೀವು ತಿಳಿಯಬೇಕು. ಮೀಶೋದಲ್ಲಿ ಮುನ್ನೂರು ರೂಪಾಯಿಗೆ ತರಿಸಿದ ಟಾಪಿಗೆ ಎಪ್ಪತ್ತು ರೂಪಾಯಿ ಕೊಟ್ಟು ಸರಿಯಾಗಿ ಫಿಟ್ಟಿಂಗ್ ಮಾಡಿಸಿಕೊಂಡು ದುಬಾರಿಯದ್ದರಂತೆ ಕಾಣಿಸುವವರಿದ್ದಾರೆ. ಅಮ್ಮನ ಮದುವೆಯ ಸೀರೆ ಜರಿ ಹರಿದಿದೆ ಎಂದು ಅದರಲ್ಲಿ ಉದ್ದ ಲಂಗ ಹೊಲಿಸಿದವರಿದ್ದಾರೆ. ಒಬ್ಬ ಹುಡುಗ ಅಜ್ಜನ ಚೌಕುಳಿ ಲುಂಗಿ ತಂದು ಅರ್ಧ ತೋಳಿನ ಅಂಗಿ ಮಾಡಿಕೊಡಿ ಎಂದ. ಬಣ್ಣ ಮಾಸಿ ಮೆತ್ತಗಾಗಿದ್ದ ಹತ್ತಿ. ಚೌಕುಳಿಗೆ ಚೌಕುಳಿ ಕೂಡಬೇಕು, ಜೇಬಿನಲ್ಲೂ ಗೆರೆ ತಪ್ಪಬಾರದು ಎಂದು ನಿಂತು ಮಾಡಿಸಿಕೊಂಡ. ಕಲರ್ ಡ್ರೆಸ್ ದಿನ ಅದನ್ನು ಹಾಕಿ ಹೋದರೆ ಇದು ಕಾಲೇಜಿಗೆ ತಕ್ಕ ಅಂಗಿಯಲ್ಲ ಎಂದು ಹಿಂದೆ ಕಳಿಸಿದರಂತೆ. ಕಾಲೇಜಿಗೆ ತಕ್ಕ ಅಂಗಿ ಎಂದರೆ ಯಾವುದು ಎಂದು ಅವನು ನನ್ನನ್ನು ಕೇಳಿದ. ನಾನು ಯಾವ ಬಾಯಲ್ಲಿ ಉತ್ತರ ಹೇಳಲಿ? ಅದೇ ಬಸ್ಸಿನಲ್ಲಿ ನಾಲ್ಕು ಕಿಲೋಮೀಟರು ಮುಂದೆ ಹೋದರೆ ಮಣಿಪಾಲ. ಅಲ್ಲಿ ದೇಶವಿಡೀ ಕಡೆಯಿಂದ ಬಂದ ಮಕ್ಕಳು ಚಡ್ಡಿ, ಟೀ ಶರ್ಟು, ಚಪ್ಪಲಿಯಲ್ಲಿ ಓಡಾಡುತ್ತಾರೆ. ಚಡ್ಡಿ ಹಾಕಿದ್ದಕ್ಕೆ ಅವರ ಓದು ನಿಂತಿದೆ ಎಂದು ನಾನಂತೂ ಕೇಳಿಲ್ಲ. ಇಲ್ಲೂ ಚಡ್ಡಿ ಬಿಡಿ ಎಂದು ಯಾರೂ ಕೇಳುತ್ತಿಲ್ಲ, ಗಾಬರಿಯಾಗಬೇಡಿ.

ನನಗೆ ಕಂಡ ಹಾಗೆ ಖರ್ಚು ಹೆಚ್ಚಿಸುವುದು ನೀವೇ ಇಡುವ ದಿನಗಳು. ಸಾರಿ ಡೇ, ಟ್ರೆಡಿಷನಲ್ ಡೇ, ಫೇರ್‌ವೆಲ್. ತರಗತಿಗೊಂದು ಬಣ್ಣ ಎಂದು ಹಂಚುತ್ತೀರಿ, ಅಚ್ಚುಕಟ್ಟಾಗಿ ಬಂದ ತಂಡಕ್ಕೆ ಬಹುಮಾನ ಇಡುತ್ತೀರಿ. ಮನೆಯಲ್ಲಿ ಹತ್ತು ಸೀರೆ ಇದ್ದರೂ ಆ ಬಣ್ಣದ್ದು ಇರುವುದಿಲ್ಲ. ಕೊಳ್ಳಬೇಕು ಇಲ್ಲವೇ ಬಾಡಿಗೆಗೆ ತರಬೇಕು, ರವಕೆಗೆ ಆರಿ ವರ್ಕು ಮಾಡಿಸಬೇಕು, ನೆರಿಗೆ ಇಸ್ತ್ರಿ ಹಾಕಿಸಿ ಪಿನ್ನು ಚುಚ್ಚಿಸಿಡಬೇಕು, ಬೆಳಿಗ್ಗೆ ಬ್ಯೂಟಿಪಾರ್ಲರ್, ಮೇಲೆ ಮಲ್ಲಿಗೆ. ನಮ್ಮ ಶಂಕರಪುರ ಮಲ್ಲಿಗೆಯಲ್ಲಿ 800 ಹೂ ಸೇರಿದರೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಮದುವೆಯ ಸೀಸನ್ನಿನಲ್ಲಿ ಅಟ್ಟೆಯ ದರ ಎಲ್ಲಿಗೆ ಏರುತ್ತದೆಂದು ನಿಮ್ಮ ಮನೆಯವರನ್ನೇ ಕೇಳಿ. ಆ ದಿನ ಹೊಟ್ಟೆನೋವು ಎಂದು ಮನೆಯಲ್ಲಿ ಉಳಿಯುವ ಮಕ್ಕಳು ಪ್ರತಿ ತರಗತಿಯಲ್ಲೂ ಇಬ್ಬರಾದರೂ ಇರುತ್ತಾರೆ. ಬಣ್ಣ ಹಂಚುವುದು ನಿಲ್ಲಿಸಿ, ಮನೆಯಲ್ಲಿರುವ ಯಾವುದನ್ನಾದರೂ ಉಟ್ಟು ಬನ್ನಿ ಎನ್ನಿ. ಮಂಗಳೂರಿನ ಕಾಲೇಜುಗಳಲ್ಲಿ ಕಾಸರಗೋಡು ಕಡೆಯ ಮಕ್ಕಳು ಓಣಂಗೆ ಉಟ್ಟು ಬರುವ ಕೆನೆ ಬಣ್ಣದ ಕಸವು ಸೀರೆ ಹೆಚ್ಚಾಗಿ ಅಮ್ಮನದ್ದೇ ಆಗಿರುತ್ತದೆ. ಚಂದ ಕಾಣುವುದರಲ್ಲಿ ಏನೂ ಕೊರತೆ ಇಲ್ಲ.

ಕೈಮಗ್ಗದ ಬಗ್ಗೆ ಒಂದು ಮಾತು. ಆಗಸ್ಟ್ 7 ರಾಷ್ಟ್ರೀಯ ಕೈಮಗ್ಗ ದಿನ, 2015ರಿಂದ ಆಚರಣೆಯಲ್ಲಿದೆ. ಭಾಷಣ ಮಾಡಿಸುತ್ತೀರಿ, ಒಳ್ಳೆಯದು. ಉಡುಪಿ ಸೀರೆಗೆ 2016ರಲ್ಲಿ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದ್ದು ನಿಮ್ಮ ಎಷ್ಟು ವಿದ್ಯಾರ್ಥಿಗಳಿಗೆ ಗೊತ್ತು? ಬೆರಳೆಣಿಕೆಗೆ ಇಳಿದಿದ್ದ ನೇಕಾರರು ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದಲ್ಲಿ ಮತ್ತೆ ಮಗ್ಗ ಹತ್ತಿದ್ದಾರೆ, ಕದಿಕೆ ಟ್ರಸ್ಟಿನವರು ಬೆನ್ನಿಗೆ ನಿಂತಿದ್ದಾರೆ. ಹಾಗೆಂದು ಸಮವಸ್ತ್ರವನ್ನೆಲ್ಲ ಕೈಮಗ್ಗಕ್ಕೆ ತಿರುಗಿಸಿ ಎಂದು ನಾನು ಹೇಳುವುದಿಲ್ಲ. ಇಲ್ಲಿ ಅಷ್ಟು ಮಗ್ಗಗಳಿಲ್ಲ, ಸೀರೆಯನ್ನು ಕತ್ತರಿಸಿ ಕುರ್ತ ಮಾಡುವುದು ನೇಯ್ದವರಿಗೂ ಸಂಕಟ. ಘಟಿಕೋತ್ಸವದ ನಿಲುವಂಗಿ ಕೈಮಗ್ಗದ್ದಾಗಿರಲಿ ಎಂದು ಯುಜಿಸಿ 2015ರಲ್ಲಿ, ಮತ್ತೆ 2019ರಲ್ಲಿ ವಿಶ್ವವಿದ್ಯಾಲಯಗಳಿಗೆ ಬರೆದಿತ್ತು. ಅಂಥದ್ದು ಆಗುವ ಕೆಲಸ. ಪದವಿ ಪ್ರದಾನಕ್ಕೆ ಬರುವ ಅತಿಥಿಗೆ ಹೊದೆಸುವ ಹೊಳಪಿನ ಶಾಲಿನ ಬದಲು ತಾಳಿಪಾಡಿಯಿಂದ ಒಂದು ಸೀರೆ ತರುವುದೂ ಆಗುವ ಕೆಲಸ.

ನಮ್ಮ ಕರಾವಳಿಗೂ ಸಮವಸ್ತ್ರಕ್ಕೂ ಹಳೆಯ ನಂಟು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಶನ್ನಿನ ನೇಯ್ಗೆ ಕಾರ್ಖಾನೆಗೆಂದು 1851ರಲ್ಲಿ ಮಂಗಳೂರಿಗೆ ಬಂದ ಜಾನ್ ಹಾಲರ್ ಎಂಬವರು ಬಲ್ಮಠದಲ್ಲಿ ಖಾಕಿ ಬಣ್ಣ ಮಾಡಿದರೆಂದು ಊರಿನವರು ಹೇಳಿಕೊಳ್ಳುತ್ತಾರೆ. ವಾಯವ್ಯ ಗಡಿಯ ಸೈನ್ಯದವರು ಅದಕ್ಕಿಂತ ಮೊದಲೇ ಖಾಕಿ ತೊಟ್ಟಿದ್ದರೆಂಬ ವಾದವೂ ಉಂಟು, ಆ ಜಗಳ ಇತಿಹಾಸದವರಿಗೆ ಬಿಟ್ಟದ್ದು. ನನಗೆ ಇಷ್ಟವಾಗುವುದು ಆ ಮಿಶನ್ ಬಟ್ಟೆ ಹತ್ತಿಯದ್ದಾಗಿತ್ತು, ಈ ನೆಲದ ಧೂಳು ಬೆವರು ನೋಡಿ ಬಣ್ಣ ಹುಡುಕಿದ್ದರು ಎಂಬುದು. ದೂರದೇಶದಿಂದ ಬಂದವರಿಗೆ ಗೊತ್ತಾದ ಸೆಕೆ ಇಲ್ಲೇ ಹುಟ್ಟಿ ಬೆಳೆದ ನಮ್ಮ ಸಮಿತಿಗಳಿಗೆ ಗೊತ್ತಾಗುವುದಿಲ್ಲ. ಸಭೆ ನಡೆಯುವ ಕೋಣೆಗೆ ಎಸಿ ಇರುವುದರಿಂದಲೋ ಏನೋ.

ಮುಂದಿನ ವರ್ಷದ ಬಟ್ಟೆಗೆ ನೀವು ಗಿರಣಿಯವರೊಡನೆ ಮಾತಾಡುವುದು ಸಾಮಾನ್ಯವಾಗಿ ಫೆಬ್ರವರಿ, ಮಾರ್ಚಿನಲ್ಲಿ. ಅದಕ್ಕೆ ಮೊದಲು ಒಂದು ಸಭೆ ಕರೆಯಿರಿ. ಹುಡುಗಿಯರೂ ಹುಡುಗರೂ ಸೇರಿ ನಾಲ್ಕೈದು ವಿದ್ಯಾರ್ಥಿಗಳು, ಬಟ್ಟೆ ಒಗೆಯುವ ಒಬ್ಬಿಬ್ಬರು ತಾಯಂದಿರು, ಊರಿನ ಒಬ್ಬ ಟೈಲರು ಅಲ್ಲಿ ಇರಲಿ. ಮಾದರಿ ಬಟ್ಟೆಯನ್ನು ಮೇಜಿನ ಮೇಲೆ ಹರಡಿ ನೋಡಿದರೆ ಸಾಲದು. ಅದರಲ್ಲಿ ಒಂದು ಕುರ್ತ, ಒಂದು ಅಂಗಿ ಹೊಲಿಸಿ, ಒಬ್ಬ ಹುಡುಗಿಗೆ ಒಬ್ಬ ಹುಡುಗನಿಗೆ ವಾರ ಕಾಲ ಹಾಕಲು ಕೊಡಿ, ಒಗೆದು ಒಣಗಿಸಿ ನೋಡಲು ಹೇಳಿ. ಸಾಧ್ಯವಾದರೆ ಸಮಿತಿಯವರೂ ಒಂದು ದಿನ ಹಾಕಿ ನೋಡಿ, ಬಸ್ಸಿನಲ್ಲಿ. ಆಮೇಲೆ ಬಣ್ಣ, ಹತ್ತಿಯ ಪ್ರಮಾಣ, ಲಾಂಛನದ ಜಾಗ ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ನೋಟಿಸು ಬೋರ್ಡಿಗೆ ಹಾಕಿ. ಯಾವ ಅಂಗಡಿಯಿಂದ ತಂದರೂ ಯಾರಿಂದ ಹೊಲಿಸಿದರೂ ಆದೀತು ಎಂಬ ಸಾಲು ಕೊನೆಯಲ್ಲಿರಲಿ.

ಬೆಂಕಿಕಡ್ಡಿ ಪರೀಕ್ಷೆ ಮಾಡಿ ತೋರಿಸಲು ಕರೆದರೆ ಬರುತ್ತೇನೆ. ಭಾನುವಾರವಾದರೆ ಒಳ್ಳೆಯದು, ಬೇರೆ ದಿನ ಅಂಗಡಿ ಬಿಟ್ಟು ಬರಲು ಕಷ್ಟ. ಜೂನಿನಲ್ಲಿ ಮಾತ್ರ ಕರೆಯಬೇಡಿ.

ಇಂತಿ,
ನಿಮ್ಮ ಮಕ್ಕಳ ಅಳತೆ ಪುಸ್ತಕ ಇಟ್ಟುಕೊಂಡಿರುವ ಒಬ್ಬ ಟೈಲರ್
ಉಡುಪಿ